ಹೊಳೆಗಡ್ಡಿಯ ದೂರಗೈ

ಮೈಯನ್ನು ಒಂದು ಊರಲ್ಲಿ, ಕೈಯನ್ನು ಇನ್ನೊಂದು ಊರಲ್ಲಿ ಇಟ್ಟುಕೊಂಡು ಬದುಕಬಹುದೆಂದು ಯಾರಾದರೂ ಹೇಳಿದ್ದರೆ ಭುವನೇಶ್ವರಿ ಬಡಿಗೇರ ಮೊದಲೆಲ್ಲ ನಕ್ಕುಬಿಡುತ್ತಿದ್ದಳು. ಈಗ ಅವಳ ನೌಕರಿಯೇ ಅದು. ಬೆಳಿಗ್ಗೆ ಅಣ್ಣಿಗೇರಿಯ ಮನೆಯ ಪಡಸಾಲೆಯಲ್ಲಿ ಅತ್ತೆಗೆ ಚಹಾ ಕುಡಿಸಿ, ಮಂಚದ ಪಕ್ಕದ ಮೇಜಿಗೆ ಕೂತು, ಮೊಣಕೈವರೆಗೆ ಬರುವ ಎರಡು ತೊಡುಗೈಗಳನ್ನು ಏರಿಸಿದಳೆಂದರೆ ಆಯಿತು, ಅವಳ ಬೆರಳುಗಳು ಎಷ್ಟೋ ದೂರದ ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಕೆಲಸಕ್ಕೆ ಹಾಜರಾಗುತ್ತಿದ್ದವು.

ಆ ನಡುಗಡ್ಡೆಯ ಹೆಸರು ಹೊಳೆಗಡ್ಡಿ. ಸೇತುವೆ ಬರುತ್ತದೆ ಎಂದು ಕೇಳುತ್ತ ಮೂರು ತಲೆಮಾರು ಮುಪ್ಪಾದ ಊರು. ಸೇತುವೆಗಿಂತ ಮೊದಲು ಅಲ್ಲಿಗೆ ಬಂದದ್ದು ದೂರಗೈ. ಆರೋಗ್ಯ ಉಪಕೇಂದ್ರದ ಮಂಚದ ಮೇಲೆ ಒಂದು ಕಂಬಿ, ಕಂಬಿಯಿಂದ ಇಳಿಬಿದ್ದ ಎರಡು ಕೈಗಳು. ಅವುಗಳ ರಬ್ಬರು ಚರ್ಮದ ಕೆಳಗೆ ಸಾಸಿವೆಗಿಂತ ಸಣ್ಣ ಸಂವೇದಕಗಳು ಒತ್ತಿ ಕೂತಿದ್ದವು. ಭುವನಾ ಇಲ್ಲಿ ಬೆರಳು ಮಡಿಚಿದರೆ ಅಲ್ಲಿಯ ಬೆರಳು ಮಡಿಚಿಕೊಳ್ಳುತ್ತಿತ್ತು. ಆ ಬೆರಳಿಗೆ ತಗುಲಿದ ಬಿಸಿ, ತೇವ, ಒತ್ತು, ನಡುಕ ಎಲ್ಲವೂ ತಂತಿ ಹಿಡಿದು ಬಂದು ತೊಡುಗೈಯ ಒಳಪದರದಲ್ಲಿ ಮತ್ತೆ ಹುಟ್ಟಿ ಇವಳ ಚರ್ಮಕ್ಕೆ ತಾಗುತ್ತಿತ್ತು. ನೋಡಲಿಕ್ಕೆ ಎದುರಿಗೊಂದು ಪರದೆ ಇತ್ತು. ಆದರೆ ಬಸುರಿಯ ಹೊಟ್ಟೆಯೊಳಗೆ ಕೂಸಿನ ತಲೆ ಎಲ್ಲಿದೆ ಎಂಬುದನ್ನು ಕಣ್ಣು ಹೇಳುವುದಿಲ್ಲ, ಕೈಯೇ ಹೇಳಬೇಕು.

ಭುವನಾ ಸಾದಾ ನರ್ಸ್ ಅಲ್ಲ. ಹುಬ್ಬಳ್ಳಿಯ ಹೆರಿಗೆ ವಾರ್ಡೊಂದರಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಮತ್ತೆ ಪುಸ್ತಕ ಹಿಡಿದು ನರ್ಸ್ ಪ್ರಾಕ್ಟೀಷನರ್ ಆದವಳು. ರೋಗಿಯನ್ನು ತಾನೇ ಪರೀಕ್ಷಿಸಬಹುದು, ಔಷಧ ಬರೆಯಬಹುದು, ಹೆರಿಗೆ ಮಾಡಿಸಬಹುದು. ಕೈಮೀರುವ ಸೂಚನೆ ಕಂಡರೆ ಮಾತ್ರ ಡಾಕ್ಟರಿಗೆ ಹೇಳಬೇಕು. ಇಷ್ಟು ಕಲಿತವಳು ಕೆಲಸ ಬಿಟ್ಟದ್ದೇಕೆಂದರೆ ಎಲ್ಲರೂ ಬಿಡುವ ಕಾರಣಕ್ಕೇ. ನಮ್ಮಲ್ಲಿ ನರ್ಸುಗಳು ಬೇಸರವಾಗಿ ಕೆಲಸ ಬಿಡುವುದು ಕಡಿಮೆ. ಮನೆಯಲ್ಲಿ ಯಾರೋ ಹಾಸಿಗೆ ಹಿಡಿಯುತ್ತಾರೆ, ಊರಿಗೆಲ್ಲ ಆರೈಕೆ ಮಾಡುವವಳು ನಮ್ಮಲ್ಲೇ ಇರುವಾಗ ಬೇರೆಯವರನ್ನು ಏಕೆ ಕರೆಯಬೇಕು ಎಂದು ಮನೆ ತೀರ್ಮಾನಿಸುತ್ತದೆ. ಭುವನಾಳ ಮನೆಯಲ್ಲಿ ಹಾಗೆ ತೀರ್ಮಾನಿಸುವವರೂ ಉಳಿದಿರಲಿಲ್ಲ. ಗಂಡ ಶಿವಾನಂದ ತೀರಿಹೋಗಿದ್ದ. ಅವನ ತಾಯಿ ಕಸ್ತೂರವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ, ಇವರಿಬ್ಬರಿಗೆ ಮಾತ್ರ ಕೆಟ್ಟ ಕಾಲ ಒಟ್ಟಿಗೇ ಬಂತು. ಭುವನಾ ರಾಜೀನಾಮೆ ಬರೆದುಕೊಟ್ಟು ಬಂದು ಅತ್ತೆಯ ಮಗ್ಗುಲು ಬದಲಿಸುತ್ತ ಕೂತಳು. ದೂರಗೈ ಯೋಜನೆಯವರು ಹುಡುಕಿಕೊಂಡು ಬಂದದ್ದು ಇಂಥವರನ್ನೇ.

ಅತ್ತೆಗೆ ಮಾತ್ರ ಆ ಯಂತ್ರ ಸೇರಲಿಲ್ಲ. ಬೇಕಿದ್ದರೆ ನಿಮ್ಮ ಮನೆಯಲ್ಲೂ ಒಂದು ಜೋಡಿ ಕೈ ಹಾಕಿಕೊಡುತ್ತೇವೆ, ಮುದುಕಿಯನ್ನು ಎತ್ತಿ ಕೂರಿಸಲು ಬೇರೆ ನರ್ಸ್ ಸಿಗುತ್ತಾಳೆ ಎಂದು ಅವರು ಹೇಳಿದಾಗ ಕಸ್ತೂರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. "ಬಡಿಗ್ಯಾರ ಮನಿ ಇದು. ಕಟಗಿ ಕೈ ಭಾಳ ನೋಡೇನಿ. ನನ್ನ ಮೈ ಮುಟ್ಟೂದು ಬ್ಯಾಡ," ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಹೊಳೆಗಡ್ಡಿಯ ಹೆಂಗಸರಿಗೂ ಮೊದಮೊದಲು ಅದು ಸೇರಲಿಲ್ಲ. ಭುವನಾ ತೊಡುಗೈ ಏರಿಸಿ ಖಾಲಿ ಮಂಚ ನೋಡುತ್ತ ಕೂರುವುದೇ ಆಯಿತು. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಒಂದು ದಿನ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಬಂದವಳೇ ದೂರಗೈಯ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಕೂಡಿಸಿ ಹಿಂಡತೊಡಗಿದಳು. ಅಣ್ಣಿಗೇರಿಯಲ್ಲಿ ಭುವನಾಳ ಗೆಣ್ಣುಗಳು ನೊಂದವು.

"ಏನ್ ಮಾಡಾಕತ್ತೀರಿ ಹುಲಿಗೆಮ್ಮ?"

"ಬಳಿ ಇಡಾಕತ್ತೀನ್ರಿ ಸಿಸ್ಟರಮ್ಮ. ಬಸುರಿ ಹೊಟ್ಟಿ ಬರಿಗೈಲೆ ಮುಟ್ತಾರೇನ್ರಿ? ಅದಕ್ಕ ಯಾರೂ ಬರವಲ್ರು. ಬೆರಳು ಸಡ್ಲ ಬಿಡ್ರಿ."

ಶಿವಾನಂದ ಹೋದ ಮೇಲೆ ಬಳೆ ಒಡೆಯೆಂದು ಭುವನಾಗೆ ಯಾರೂ ಹೇಳಿರಲಿಲ್ಲ, ಅಂಥ ಕಾಲ ಹೋಗಿತ್ತು. ಅವಳೇ ತೆಗೆದಿಟ್ಟಿದ್ದಳು, ಮತ್ತೆ ಇಡಲು ಮನಸ್ಸು ಬಂದಿರಲಿಲ್ಲ. "ಹುಲಿಗೆಮ್ಮ, ನನಗ ಯಜಮಾನ್ರು ಇಲ್ರಿ. ಮೊದಲ ಹೇಳಿಬಿಡ್ತೀನಿ," ಎಂದಳು.

ಹುಲಿಗೆಮ್ಮ ಹಿಂಡುವುದನ್ನು ನಿಲ್ಲಿಸಿದಳು. ಪರದೆಯಲ್ಲಿ ಅವಳ ಮುಖ ಮೆತ್ತಗಾಯಿತು. "ಪಾಪ, ಇಷ್ಟ್ ಸಣ್ಣ ವಯಸ್ಸಿನ್ಯಾಗ," ಎಂದಳು. ಆಮೇಲೆ ಮತ್ತೆ ಬೆರಳು ಕೂಡಿಸಿದಳು. "ಅದು ನಿಮಗ ಆತ್ರಿ. ಈ ಕೈಗೇನು ಗಂಡ ಸತ್ತಾನೇನು? ಸುಮ್ನ ಇಡಿಸ್ಕೊಳ್ರಿ."

ಹಸಿರು ಗಾಜಿನ ಬಳೆಗಳು ಒಂದೊಂದಾಗಿ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದವು. ಆ ತಂಪು ಭುವನಾಳ ಬರಿಯ ಮಣಿಕಟ್ಟಿನ ಮೇಲೆ ಇಳಿಯಿತು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಕಣ್ಣೊರೆಸಿಕೊಳ್ಳೋಣವೆಂದರೆ ಕೈ ಹೊಳೆಗಡ್ಡಿಯಲ್ಲಿತ್ತು. ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡ ಕಸ್ತೂರವ್ವ ಕೈ ಚಾಚಿ, ತನ್ನ ಸೆರಗಿನ ತುದಿಯಿಂದ ಸೊಸೆಯ ಕೆನ್ನೆ ಒರೆಸಿದಳು. ಮಾರನೆಯ ದಿನದಿಂದ ಹೊಳೆಗಡ್ಡಿಯ ಮಂಚ ಖಾಲಿ ಇರಲಿಲ್ಲ, ಸಿಸ್ಟರಮ್ಮನ ಕೈಗುಣ ಚಲೋ ಐತಿ ಎಂಬ ಮಾತು ಕೇರಿಯಿಂದ ಕೇರಿಗೆ ಹರಡಿತು.

ಬಳೆಯ ಸದ್ದು ಹುಬ್ಬಳ್ಳಿಯವರೆಗೆ ಹೋಯಿತು. ಅಲ್ಲಿ ದೂರಗೈ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಎಂಜಿನಿಯರ್ ಅಶ್ಫಾಕ್ ಮುಲ್ಲಾ ಗೋಡೆಗಾತ್ರದ ಪರದೆಯ ಮುಂದೆ ಕೂತಿರುತ್ತಿದ್ದ. ಒಂದೊಂದು ಊರಿನ ಸ್ಪರ್ಶಕ್ಕೆ ಒಂದೊಂದು ಗೆರೆ. ಹೊಳೆಗಡ್ಡಿಯ ಗೆರೆ ಮಾತ್ರ ಯಾವಾಗಲೂ ಕುದಿಯುವ ಎಸರಿನ ಹಾಗೆ ಕುಣಿಯುತ್ತಿತ್ತು. ಎದುರುಮನೆಯ ಶೈಲಾಳನ್ನು ಅತ್ತೆಯ ಹತ್ತಿರ ಕೂರಿಸಿ ಭುವನಾ ಕೇಂದ್ರದ ಸಭೆಗೆ ಹೋದ ದಿನ ಅವನು ಅವಳನ್ನು ಪಕ್ಕಕ್ಕೆ ಕರೆದು ಆ ಗೆರೆ ತೋರಿಸಿದ.

"ಅಕ್ಕಾರ, ಇದು ಬಳಿ. ಇದು ಯಾರೋ ಕೈ ಸವರಿದ್ದು. ಇದು ಹಣಿಗೆ ಒತ್ತಿಕೊಂಡಿದ್ದು. ಇದೆಲ್ಲಾ ನಿಮ್ಮ ಮನಿ ಲೈನ್ ತುಂಬ ಬರ್ತದ. ಮನಿಗೆ ಹಾಕಿದ ಲೈನ್ ಸಣ್ಣದರಿ, ಕೇಂದ್ರದಾಗಿನ ಲೈನ್‌ಗತೆ ಅಲ್ಲ. ನಾಳೆ ಇನ್ನಷ್ಟು ಊರು ಸೇರಿಸಬೇಕಂದ್ರ ಹಿಡ್ಯಾಂಗಿಲ್ಲ."

"ಹಂಗಾದ್ರ ಏನ್ ಮಾಡೂಣಂತೀರಿ?"

"ಜರಡಿ ಹಿಡಿಯೂಣರಿ."

ಜರಡಿ ಎಂದು ಅವನು ಕರೆದದ್ದು ಹೊಸದಾಗಿ ಬರೆದ ಒಂದು ತಂತ್ರಾಂಶವನ್ನು. ಪರೀಕ್ಷೆಗೆ ಬೇಕಾದ ಸ್ಪರ್ಶವನ್ನಷ್ಟೇ ಅದು ದಾಟಿಸುತ್ತದೆ. ನಾಡಿ, ಜ್ವರ, ಬಾವು, ಗರ್ಭದ ಬಿಗಿತ, ಕೂಸಿನ ಒದೆತ ಬರುತ್ತವೆ. ಮಿಕ್ಕದ್ದು ಅಲ್ಲೇ ಉದುರಿಹೋಗುತ್ತದೆ. ಜರಡಿ ಹಿಡಿದರೆ ಒಬ್ಬಳೇ ನರ್ಸ್ ಮನೆಯಲ್ಲೇ ಕೂತು ನಾಲ್ಕು ಊರು ನೋಡಬಹುದು, ಯಾವ ಹೊತ್ತಿಗೆ ಕೂರಬೇಕೆಂಬುದನ್ನೂ ತಾನೇ ನಿರ್ಧರಿಸಬಹುದು. ಹಿರಿಯ ನರ್ಸ್ ಎಂಬ ಬಡ್ತಿಯೂ ಉಂಟು. ಬೇಡವೆಂದರೆ ದಿನವೂ ಹುಬ್ಬಳ್ಳಿಗೆ ಬಂದು, ಬೆಳಿಗ್ಗೆಯಿಂದ ಸಂಜೆವರೆಗೆ ಕೇಂದ್ರದ ದೊಡ್ಡ ಲೈನಿನ ಮೇಲೆ ಕೆಲಸ ಮಾಡಬೇಕು. ಜರಡಿ ಇಲ್ಲದ ಮನೆ ಲೈನ್ ಇನ್ನು ಯಾರಿಗೂ ಇಲ್ಲ. ಅಶ್ಫಾಕ್ ಕೆಟ್ಟವನಲ್ಲ. ನರ್ಸುಗಳು ಮನೆಯಲ್ಲೇ ಉಳಿಯಲಿ, ಊರುಗಳಿಗೂ ಕೈ ಸಿಗಲಿ ಎಂದೇ ಅವನು ಹಗಲೆಲ್ಲ ಕೂತು ಅದನ್ನು ಬರೆದಿದ್ದ. ಅತ್ತೆಯನ್ನು ಬಿಟ್ಟು ದಿನವಿಡೀ ಹುಬ್ಬಳ್ಳಿಯಲ್ಲಿ ಕೂರುವ ಮಾತೇ ಇರಲಿಲ್ಲವಾದ್ದರಿಂದ ಭುವನಾ ಜರಡಿಗೆ ಒಪ್ಪಿದಳು. ಮೊದಲು ಹೊಳೆಗಡ್ಡಿಯಲ್ಲಿ ಮಾತ್ರ ಹಿಡಿದು ನೋಡುವುದೆಂದಾಯಿತು.

ಮೊದಲ ದಿನ ಕೈಗೆ ಜ್ಞಾನ ತಪ್ಪಿದಂತಾಯಿತು. ಬಳೆಗಳು ಪರದೆಯಲ್ಲಿ ಕುಣಿಯುತ್ತಿದ್ದವು, ಮಣಿಕಟ್ಟಿಗೆ ಸುದ್ದಿಯಿಲ್ಲ. ಆದರೆ ಕೂಸಿನ ತಲೆ, ಬೆನ್ನು, ಮೊಣಕಾಲು ಹಿಂದೆಂದಿಗಿಂತ ಸ್ಪಷ್ಟವಾಗಿ ಬೆರಳಿಗೆ ಸಿಗುತ್ತಿದ್ದವು. ಒಂದು ವಾರದಲ್ಲಿ ಅವಳಿಗೆ ಅದು ರೂಢಿಯಾಯಿತು. ಒಳ್ಳೆಯದೇ ಆಯಿತೆಂದು ಅತ್ತೆಗೆ ಹೇಳಿದಳು.

ಕೃಷ್ಣೆ ತುಂಬಿ ಬಂದು ಹರಗೋಲು ನಿಂತ ದಿನಗಳಲ್ಲಿ ಪವಿತ್ರಾಗೆ ಹೊಟ್ಟೆನೋವು ಶುರುವಾಯಿತು. ಚೊಚ್ಚಲು. ಹೊಳೆಗಡ್ಡಿಯ ಕೆಳಗಿನ ಕೇರಿಯ ಹುಡುಗಿ, ಮಾತು ಕಡಿಮೆ. ಪ್ರತಿ ತಿಂಗಳು ಬಂದಾಗಲೂ ದೂರಗೈಯ ಬೆರಳೊಂದನ್ನು ಹಿಡಿದುಕೊಂಡೇ ಮಲಗುತ್ತಿದ್ದಳು. ದಡ ಸೇರುವ ದಾರಿಯಿಲ್ಲದ್ದರಿಂದ ಹೆರಿಗೆ ಉಪಕೇಂದ್ರದಲ್ಲೇ ಆಗಬೇಕಿತ್ತು. ಭುವನಾ ಎಡಗೈಯನ್ನು ಪವಿತ್ರಾಳ ತಲೆಯ ಹತ್ತಿರ ಬಿಟ್ಟು, ಬಲಗೈಯಲ್ಲಿ ನೋಡುತ್ತಿದ್ದಳು. ಪರದೆಯೂ ಕೆಲಸ ನಡೆಯುವ ಕಡೆಗೇ ತಿರುಗಿತ್ತು. ನೋವು ಏರಿ ಇಳಿಯುವುದು, ತಲೆ ಕೆಳಗೆ ಸರಿಯುವುದು, ಎಲ್ಲ ಬೆರಳಿಗೆ ಗೊತ್ತಾಗುತ್ತಿತ್ತು. ಹುಲಿಗೆಮ್ಮ ಬಿಸಿನೀರು, ಬಟ್ಟೆ ಹಿಡಿದು ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಲೆ ಹೊರಗೆ ಬಂತು, ಎರಡೂ ಕೈ ಬೇಕಾಯಿತು. ಭುವನಾ ಎಡಗೈಯನ್ನು ಥಟ್ಟನೆ ಎಳೆದುಕೊಂಡು ಕೂಸಿನ ಭುಜಕ್ಕೆ ಆಸರೆ ಕೊಟ್ಟಳು.

ಹೆಣ್ಣು ಕೂಸು. ಬಂದ ಕೂಡಲೇ ಅತ್ತಿತು. ಭುವನಾ ಅದರ ಅಂಗೈಗೆ ಬೆರಳು ತಾಗಿಸಿದಾಗ ಅದು ಗಪ್ಪನೆ ಹಿಡಿದುಕೊಂಡಿತು. ಆ ಸಣ್ಣ ಹಿಡಿತ ಜರಡಿ ದಾಟಿ ಅಣ್ಣಿಗೇರಿಯವರೆಗೆ ಬಂತು. ಹುಟ್ಟಿದ ಕೂಸು ಬೆರಳು ಹಿಡಿಯುವುದು ಒಂದು ಪರೀಕ್ಷೆ, ಜರಡಿಗೆ ಅದು ಗೊತ್ತು. ಭುವನಾ ಕುಣಿದಾಡದಿದ್ದುದೇ ಹೆಚ್ಚು. "ಅತ್ತೀ, ನೀವು ಅಜ್ಜಿ ಆದ್ರಿ ನೋಡ್ರಿ," ಎಂದು ಕಸ್ತೂರವ್ವನನ್ನು ಕಾಡಿದಳು. ಕಸ್ತೂರವ್ವ ಬೆಲ್ಲದ ಡಬ್ಬಿ ತರಿಸಿ ಸೊಸೆಯ ಬಾಯಿಗೆ ಒಂದು ಚೂರು ಇಟ್ಟಳು.

ಬಾಣಂತಿಯನ್ನು ನೋಡುವ ದಿನ ಪವಿತ್ರಾ ಕೂಸನ್ನೆತ್ತಿಕೊಂಡು ಬಂದಳು. ಮಂಚದ ಮೇಲೆ ಮಲಗಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಭುವನಾ ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಎರಡೇ ಉತ್ತರ. ದೂರಗೈ ಹತ್ತಿರ ಬಂದಾಗ ಅವಳು ಮೈ ಮುದುಡಿದ್ದು ಪರದೆಯಲ್ಲಿ ಕಂಡಿತು.

"ಯಾಕವ್ವಾ, ಎಲ್ಲೆರ ನೋವೈತೇನು?"

ಪವಿತ್ರಾ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಕೂಸಿನ ಮುಖ ನೋಡುತ್ತ ಕೇಳಿದಳು. "ಅಕ್ಕಾ, ಅವತ್ತು ನನ್ನ ಕೈ ಹೊಲಸಿತ್ತೇನ್ರಿ?"

ಭುವನಾಗೆ ಅರ್ಥವಾಗಲಿಲ್ಲ. ಹುಲಿಗೆಮ್ಮನೇ ಬಾಯಿಬಿಟ್ಟಳು. "ನೋವಿನ್ಯಾಗ ಹುಡುಗಿ ನಿಮ್ಮ ಕೈ ಗಟ್ಟಿ ಹಿಡ್ಕೊಂಡಿದ್ಲ್ರಿ ಸಿಸ್ಟರಮ್ಮ. ಎರಡೂ ಕೈಲೆ. ನೀವು ಕೊಡವಿಬಿಟ್ರಿ. ಒಂದು ಮಾತು ಬಿಡವ್ವ ಅನ್ಲಿಲ್ಲ."

"ನನಗ ಗೊತ್ತೇ ಆಗ್ಲಿಲ್ರಿ."

"ಹಿಡಿದಿದ್ದು ಗೊತ್ತಾಗಂಗಿಲ್ಲೇನ್ರಿ? ಮೊದ್ಲೆಲ್ಲ ಗೊತ್ತಾಗ್ತಿತ್ತು." ಹುಲಿಗೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಕೇರಿ ಮಂದಿಗೆ ಇದು ಹೊಸಾದಲ್ರಿ. ಅಂಗಡ್ಯಾಗ, ಬಸ್ಸಿನ್ಯಾಗ, ಕೈ ತಗುಲಿದ್ರ ಹಿಂದಕ್ಕ ತಗೊಳ್ಳೋರ್ನ ಭಾಳ ನೋಡೀವಿ. ನೀವು ಹಂಗಲ್ಲ ಅನ್ಕೊಂಡಿದ್ವಿ, ಅಷ್ಟ."

ಭುವನಾ ತೊಡುಗೈ ತೆಗೆದಿಟ್ಟಳು. ತೆಗೆಯುವ ಮೊದಲು ಜರಡಿಯ ವಿಷಯ ಅವರಿಗೆ ಹೇಳಿದ್ದಳು, ಹೇಳಿದ್ದು ಅವರಿಗೆ ನೆವದಂತೆ ಕೇಳಿಸಿತೆಂಬುದೂ ಅವಳಿಗೆ ತಿಳಿದಿತ್ತು. ವಾರ್ಡಿನಲ್ಲಿದ್ದಾಗ ಹೆರುವವರು ಅವಳ ಕೈ ಹಿಡಿದು ಉಗುರು ಊರಿದ ಗುರುತುಗಳು ಮುಂಗೈ ತುಂಬ ಇರುತ್ತಿದ್ದವು. ಒಂದು ಸಲವೂ ಹಾಗೆ ಕಿತ್ತುಕೊಂಡಿರಲಿಲ್ಲ. ಈಗ ಕಿತ್ತುಕೊಂಡಳು, ಅದೂ ಜೀವಮಾನವಿಡೀ ಅದನ್ನೇ ಕಂಡುಂಡ ಹುಡುಗಿಯ ಕೈಯಿಂದ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಶ್ಫಾಕನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ. ಹೆರುವ ತಾಯಿಯ ಹಿಡಿತವನ್ನೂ ದಾಟಿಸಲು ಆಗುವುದಿಲ್ಲವೇ ಎಂದು ಅವಳು ಕೇಳಿದಳು. "ಅದನ್ನ ದಾಟಾಕ ಬಿಟ್ರ ಸವರೂದನ್ನೂ ಬಿಡಬೇಕರಿ ಅಕ್ಕಾರ, ಒರಗೂದನ್ನೂ ಬಿಡಬೇಕು. ಆವಾಗ ಜರಡಿನ ಇಲ್ಲಂದಂಗಾತು. ಮನಿ ಲೈನ್ ಹಿಡ್ಯಾಂಗಿಲ್ಲ," ಎಂದ. ಆಮೇಲೆ ತಾನಾಗಿಯೇ ಸೇರಿಸಿದ. "ನಮ್ಮವ್ವನೂ ನನ್ನ ಹಡಿಯೂವಾಗ ಯಾರದರ ಕೈ ಹಿಡ್ಕೊಂಡಿದ್ಲೋ ಏನೋ. ನಾ ಇದನ್ನ ವಿಚಾರನ ಮಾಡಿರಲಿಲ್ಲರಿ. ನೀವು ಕೇಂದ್ರಕ್ಕ ಬರೂದಾದ್ರ ದೊಡ್ಡ ಲೈನ್ ನಿಮಗ ಇಡ್ತೀನಿ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಹುಬ್ಬಳ್ಳಿಗೆ ಹೋದರೆ ಹಗಲಿಡೀ ಕಸ್ತೂರವ್ವನ ಮಗ್ಗುಲು ತಿರುಗಿಸುವವರಿಲ್ಲ. ಶೈಲಾ ಸಭೆಯ ದಿನಕ್ಕೆ ಬರಬಹುದು, ದಿನಾ ಬರಲಾರಳು. ಮನೆಯಲ್ಲೇ ಉಳಿದರೆ ಇನ್ನೂ ಮೂರು ಊರಿನ ಹೆಂಗಸರ ಕೈಯನ್ನು ಹೀಗೆಯೇ ಕೊಡವಬೇಕು. ಭುವನಾ ಯಾವುದನ್ನೂ ಅತ್ತೆಗೆ ಹೇಳಲಿಲ್ಲ. ಪಕ್ಕದ ಮಂಚದಲ್ಲೇ ಮಲಗಿ ಎಲ್ಲ ಕೇಳಿಸಿಕೊಂಡವಳಿಗೆ ಹೇಳುವುದು ಏನೂ ಬಾಕಿ ಇರಲಿಲ್ಲ ಕೂಡ. ಸಂಜೆ ಎಣ್ಣೆ ಹಚ್ಚಿ ಕಾಲು ತಿಕ್ಕುವಾಗ ಕಸ್ತೂರವ್ವನೇ ಮಾತು ತೆಗೆದಳು.

"ಇಲ್ಲೊಂದು ಜೋಡಿ ಕೈ ತೂಗಹಾಕ್ತೀವಿ ಅಂದಿದ್ರಲ್ಲ. ಇನ್ನೂ ಹಾಕ್ತಾರೇನು ಕೇಳು."

"ಕಟಗಿ ಕೈ ಮುಟ್ಟಬ್ಯಾಡ ಅಂದಿದ್ರೆಲ್ಲರಿ ಅತ್ತಿ."

"ಅಂದಿದ್ದೆ." ಕಸ್ತೂರವ್ವ ಮೇಲಿನ ತೊಲೆ ನೋಡುತ್ತ ಮಲಗಿದ್ದಳು. "ಕೈ ಕೆಟ್ಟಿತ್ತಂತ ಅಲ್ಲ. ಅದು ಬಂದ್ರ ನೀ ಹೋಗ್ತಿ ಅಂತ. ಶಿವ್ಯಾ ಹ್ವಾದ. ನೀನೂ ದಿನಾ ಮುಂಜಾನೆ ಬಾಗಲ ದಾಟಿ ಹೋದ್ರ ನನಗೇನು ಉಳೀತೈತಿ ಅನಿಸ್ತು. ಸ್ವಾರ್ಥ ಅದು, ಮತ್ತೇನಲ್ಲ."

ಭುವನಾಳ ಕೈ ಅತ್ತೆಯ ಮೊಣಕಾಲ ಮೇಲೆ ನಿಂತಿತು. "ಇಲ್ಲಿಗೆ ಹಾಕೂದೂ ಸಣ್ಣ ಲೈನರಿ," ಎಂದಳು. "ಜರಡಿ ಕೈನ ಬರ್ತೈತಿ. ಹಗಲೆಲ್ಲಾ ಯಾರೋ ಬ್ಯಾರೆ ನರ್ಸ್ ನೋಡ್ತಾಳ. ಊಟದ ಬಿಡುವಿನ್ಯಾಗ ನಾನ ಅದರಾಗ ಬಂದು ನಿಮಗ ಮಗ್ಗಲಾ ಹೊಳ್ಳಿಸಬಹುದು. ಆದ್ರ ನೀವು ಕೈ ಹಿಡಿದ್ರ ನನಗ ತಿಳಿಯಾಂಗಿಲ್ರಿ, ಅತ್ತಿ. ಆ ಹುಡುಗಿದು ತಿಳೀಲಿಲ್ಲ, ಹಂಗ ನಿಮ್ಮದೂ ತಿಳಿಯಾಂಗಿಲ್ಲ."

"ಆ ಹುಡುಗಿಗೆ ನೀ ಯಾರು? ಕೈ ಹಿಡಿದ್ರನ ಗೊತ್ತು, ನೀ ಅದಿ ಅಂತ. ಅಕಿಗೆ ಪೂರಾ ಕೈ ಬೇಕು." ಕಸ್ತೂರವ್ವ ಸೊಸೆಯ ಮುಖ ನೋಡಿದಳು. "ನನಗ ನೀ ಯಾರಂತ ಗೊತ್ತೈತಿ. ನಿನಗ ತಿಳೀದಿದ್ರ ಇರ್ಲಿ. ಹಿಡ್ಕೊಂಡಿದ್ದು ನನಗ ತಿಳೀತೈತಲ್ಲ, ಅಷ್ಟ ಸಾಕು."

ಭುವನಾ ತಲೆ ತಗ್ಗಿಸಿ ಮತ್ತೆ ಎಣ್ಣೆ ತಿಕ್ಕತೊಡಗಿದಳು.

ಬಡ್ತಿ ಬೇಡವೆಂದು ಬರೆದುಕೊಟ್ಟು ಅವಳು ಹುಬ್ಬಳ್ಳಿಯ ಬಸ್ಸು ಹತ್ತಿದಳು. ಅಣ್ಣಿಗೇರಿಯ ಪಡಸಾಲೆಯ ತೊಲೆಗೆ ಕಂಬಿ ಬಿತ್ತು, ಕೈಗಳು ಇಳಿಬಿದ್ದವು. ಹಗಲು ಅವುಗಳೊಳಗೆ ಬರುವವಳು ಬೆಳಗಾವಿಯ ಕಡೆಯ ಒಬ್ಬ ನರ್ಸ್. ಅವಳಿಗೆ ತೊಟ್ಟಿಲಕೂಸು, ಮನೆ ಬಿಡುವಂತಿಲ್ಲ, ಜರಡಿಯ ಕೈಯಾದರೂ ಸರಿ ಎಂದು ಒಪ್ಪಿದವಳು. ಒಬ್ಬಳು ಹೊರಗೆ ಹೋಗಲು ಇನ್ನೊಬ್ಬಳು ಮನೆಯಲ್ಲಿ ಕೂರಬೇಕು, ಲೋಕ ನಡೆಯುವುದೇ ಹಾಗೆ.

ಕೇಂದ್ರದ ದೊಡ್ಡ ಲೈನಿನ ಮೇಲೆ ಮೊದಲ ದಿನ ತೊಡುಗೈ ಏರಿಸಿದ ಕೂಡಲೇ ಬಳೆಗಳ ತಂಪು ಮಣಿಕಟ್ಟಿಗೆ ಬಂತು. ಕೂಸಿಗೆ ಲಸಿಕೆ ಹಾಕಿಸಲು ಬಂದಿದ್ದ ಪವಿತ್ರಾ ದೂರದಲ್ಲೇ ನಿಂತಿದ್ದಳು. ಭುವನಾ ಸುತ್ತುಬಳಸಿ ಹೇಳಲಿಲ್ಲ. "ಅವತ್ತು ನಿನ್ನ ಕೈ ಕೊಡವಿದ್ದು ಖರೇ ಐತಿ. ನನಗ ಗೊತ್ತಾಗದಂಗ ಆತು, ಆದ್ರ ಕೈ ನಂದ. ತಪ್ಪಾತವ್ವ," ಎಂದು ದೂರಗೈಯನ್ನು ಅಂಗಾತ ಚಾಚಿ ಕಾದಳು. ಪವಿತ್ರಾ ಹುಲಿಗೆಮ್ಮನ ಮುಖ ನೋಡಿದಳು. ಆಮೇಲೆ ಬಂದು, ಒಂದೇ ಒಂದು ಬೆರಳನ್ನು ಆ ಅಂಗೈ ಮೇಲೆ ಇಟ್ಟಳು. ಬೆರಳ ತುದಿ ಒರಟಾಗಿತ್ತು, ಬೆಚ್ಚಗಿತ್ತು. ಬಂತು ಎಂದು ಭುವನಾ ಹೇಳಿದಾಗ ಪವಿತ್ರಾ ಮಿಕ್ಕ ಬೆರಳುಗಳನ್ನೂ ಇಟ್ಟಳು.

ಊಟದ ಹೊತ್ತಿಗೆ ಭುವನಾ ಪಕ್ಕದ ಮೇಜಿಗೆ ಹೋಗಿ ಬೇರೆ ಜೋಡಿ ತೊಡುಗೈ ಹಾಕಿಕೊಂಡಳು. ಪರದೆಯಲ್ಲಿ ಅಣ್ಣಿಗೇರಿಯ ಪಡಸಾಲೆ ಮೂಡಿತು. ಕಸ್ತೂರವ್ವನನ್ನು ಮೆಲ್ಲಗೆ ಬಲಮಗ್ಗುಲಿಗೆ ಹೊರಳಿಸಿದಳು. ಬೆನ್ನು ಒರೆಸಿದಳು. ದಿಂಬು ಸರಿಮಾಡಿದಳು. ಚರ್ಮದ ಬಿಸಿ ಸರಿಯಾಗಿದೆ, ಎಲ್ಲೂ ಹುಣ್ಣಾಗಿಲ್ಲ ಎಂಬುದನ್ನೆಲ್ಲ ಜರಡಿ ಚೊಕ್ಕಟವಾಗಿ ದಾಟಿಸಿತು.

"ಉಂಡ್ಯಾ?" ಎಂದು ಕಸ್ತೂರವ್ವ ಕೇಳಿದಳು.

"ಇನ್ನೂ ಇಲ್ರಿ."

"ಹೋಗು, ಉಣ್ಣು ಹೋಗು," ಎಂದಳು. ಹೇಳಿದವಳೇ ದೂರಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

ತೊಡುಗೈಯೊಳಗೆ ಏನೂ ಇರಲಿಲ್ಲ. ಬಿಸಿಯಿಲ್ಲ, ಭಾರವಿಲ್ಲ, ಖಾಲಿ ಗಾಳಿಯಲ್ಲಿ ಚಾಚಿದ ಕೈಯಂತಿತ್ತು. ಭುವನಾ ಪರದೆಯಲ್ಲಿ ಅತ್ತೆಯ ಉಬ್ಬಿದ ನರಗಳನ್ನು, ಬಿಗಿದ ಗೆಣ್ಣುಗಳನ್ನು ನೋಡುತ್ತ ತನ್ನ ಕೈಯನ್ನು ಒಂದಿಷ್ಟೂ ಅಲುಗಿಸದೆ ಕೂತಳು. ಹೊಟ್ಟೆ ಹಸಿದಿತ್ತು, ತೋಳು ಸೋಲತೊಡಗಿತ್ತು.

ಅಶ್ಫಾಕ್ ಬಾಗಿಲಲ್ಲಿ ಇಣುಕಿದ. "ಅಕ್ಕಾರ, ಬರ್ರಿ. ಊಟ ಆರಾಕತ್ತೈತಿ."

"ಅತ್ತಿ ಕೈ ಹಿಡ್ಕೊಂಡಾರ," ಎಂದಳು ಭುವನಾ. "ಅವರು ಬಿಟ್ಟ ಮ್ಯಾಲೆ ಬರ್ತೀನಿ."